ಕೆನ್ನೆ ಒರಗುವ ಕಡೆ

ಆಗಸ್ಟ್ 11, ಭಾನುವಾರ

ಅಪ್ಪನನ್ನು ಮಣ್ಣು ಮಾಡಿ ಬಂದು ಮೂರು ವಾರವಾಯಿತು. ವಿಲ್ ಪ್ರಕಾರ ಅವನ ಬಂದೂಕು ಅಕ್ಕ ಲವಾನ್‌ಗೆ ಹೋಯಿತು. ಅಮ್ಮನ ಊಟದ ಮೇಜು ನನಗೆ ಬಂತು. ನಾನು ಒಂಟಿ ಮನುಷ್ಯ, ಪಾತ್ರೆ ತೊಳೆಯುವ ತೊಟ್ಟಿಯ ಮುಂದೆ ನಿಂತುಕೊಂಡೇ ತಿನ್ನುವವನು. ಮೇಜಿಗೆ ಆರು ಕುರ್ಚಿ. ನಡುವೆ ಸೇರಿಸುವ ಹೆಚ್ಚಿನ ಹಲಗೆ ಹಾಕಿದರೆ ಹತ್ತು ಜನ ಕೂರಬಹುದು.

ಚರ್ಚಿನ ನೆಲಮಾಳಿಗೆಯಲ್ಲಿ ಮಣ್ಣಿನ ದಿನದ ಊಟ ಬಡಿಸುತ್ತಿದ್ದಾಗ ನಾನು ಒಂದು ಮಾತು ಹೇಳಿದ್ದೆ.

"ಎಡಗೈಯೋಳಿಗೆ ಬಲಗೈ ಬಂದೂಕು ಬರೆದಿಟ್ಟಿದಾನಲ್ಲ, ಅಪ್ಪಂಗೆ ಕೊನೇಲಿ ತಲೆ ನೆಟ್ಟಗಿರ್ಲಿಲ್ಲ."

ಲವಾನ್ ಆಲೂಗಡ್ಡೆ ಪಲ್ಯದ ಚಮಚವನ್ನು ಕೆಳಗಿಟ್ಟಳು. "ಬಂದೂಕಿನ ವಿಷ್ಯ ಅಷ್ಟು ಗೊತ್ತಿದ್ರೆ ನಿಂದು ನೀನೇ ಒಂದು ಕಟ್ಕೊಳ್ಳೋ," ಅಂದಳು. ತಟ್ಟೆ ಹಿಡಿದುಕೊಂಡು ಇನ್ನೊಂದು ಸಾಲಿಗೆ ಹೋದಳು. ಅಲ್ಲಿಂದ ಮಾತಿಲ್ಲ.

ಸರಿ, ಕಟ್ಟುತ್ತೇನೆ. ಅಪ್ಪನದರಂಥದ್ದೇ, ಅಂಚಿಗೆ ಪೆಟ್ಟು ಬಿದ್ದು ಸಿಡಿಯುವ ಸಣ್ಣ ತೋಟೆಯ ಪಾಯಿಂಟ್ ಟೂಟೂ. ಅಗ್ಗದ ಬಿಡಿಭಾಗ ಸಿಗುತ್ತವೆ, ಕೈ ನೆಟ್ಟಗಿದೆ, ಸಂಜೆಗಳು ಖಾಲಿ ಇವೆ.

ಅಕ್ಟೋಬರ್ ಹನ್ನೆರಡಕ್ಕೆ ಅಗ್ನಿಶಾಮಕ ದಳದವರು ನಡೆಸುವ, ಗುರಿ ಹೊಡೆಯುವ ಜೋಡಿ ಪಂದ್ಯ. ಒಂದು ಮೇಜಿಗೆ ಇಬ್ಬರು, ಇಬ್ಬರಿಗೂ ಸೇರಿ ಒಂದೇ ಬಂದೂಕು. ಮನೆಗೊಂದೇ ಬಂದೂಕು ಇದ್ದ ಕಾಲದ ನಿಯಮ, ಯಾರೂ ಬದಲಾಯಿಸಲಿಲ್ಲ. ಏಳನೇ ಮೇಜು ನಮ್ಮದು. ನನಗೆ ಬಂದೂಕು ಎತ್ತುವ ಶಕ್ತಿ ಬಂದಾಗಿನಿಂದ ಅಲ್ಲಿ ಲವಾನ್ ಮತ್ತು ನಾನು ಹೊಡೆದಿದ್ದೇವೆ. ಜೋಡಿಯಲ್ಲಿ ಒಬ್ಬರು ಬಾರದಿದ್ದರೆ ಹೆಸರು ಹೊಡೆದು ಮೇಜನ್ನು ಬೇರೆಯವರಿಗೆ ಕೊಡುತ್ತಾರೆ. ಪಂದ್ಯ ಮುಗಿದ ವಾರವೇ ಲವಾನ್ ಮನೆ ಖಾಲಿ ಮಾಡಿ ಅರಿಜೋನಾಕ್ಕೆ ಹೋಗುತ್ತಾಳೆ. ಭಾವ ಗಿಲ್‌ನ ಶ್ವಾಸಕೋಶಕ್ಕೆ ನಮ್ಮ ಒಹಾಯೊ ಹವೆ ಆಗುವುದಿಲ್ಲವಂತೆ. ಅಷ್ಟರೊಳಗೆ ಮಾತು ಬರದಿದ್ದರೆ ಆಮೇಲೆ ಬರುವುದು ಕಷ್ಟ.

ನನಗೇನೂ ಅವಸರವಿಲ್ಲ.

ಆಗಸ್ಟ್ 17, ಶನಿವಾರ

ಡೆಲ್ಮಾ ಟೀಚರ್ ಅಂಗಡಿಗೆ ಹೋದೆ. ಅವರು ಮೊದಲು ನಮಗೆ ಭಾನುವಾರದ ಬೈಬಲ್ ಶಾಲೆಯಲ್ಲಿ ಪಾಠ ಹೇಳುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಬಂದೂಕಿನ ಅಂಗಡಿ ನೋಡಿಕೊಳ್ಳುತ್ತಾರೆ. ಈಗಲೂ ಎಲ್ಲರೂ ಟೀಚರ್ ಅಂತಲೇ ಕರೆಯುವುದು. ಜೋಡಿ ಪಂದ್ಯದ ಪಟ್ಟಿಯೂ ಅವರ ಕೈಯಲ್ಲೇ ಇದೆ.

"ಒಡಲೊಂದು ಬೇಕಿತ್ತು ಟೀಚರ್. ಬರೀ ಒಡಲು."

ಕಾನೂನಿನ ಲೆಕ್ಕದಲ್ಲಿ ಬಂದೂಕು ಅಂದರೆ ತೋಟೆ ತುಂಬಿ ಸಿಡಿಸುವ ನಡುಭಾಗವಾದ ಈ ಒಡಲು ಮಾತ್ರ. ನಂಬರು ಇರುವುದು ಅದರ ಮೇಲೆ. ಮಿಕ್ಕಿದ್ದೆಲ್ಲ ಕಬ್ಬಿಣ ಮತ್ತು ಕಟ್ಟಿಗೆ. ಅರ್ಜಿ ತುಂಬಿದೆ. ನನಗೆ ಏಳು ವರ್ಷವಿದ್ದಾಗಿನಿಂದ ನನ್ನನ್ನು ಬಲ್ಲ ಹೆಂಗಸು ನನ್ನ ಗುರುತಿನ ಚೀಟಿಯನ್ನು ದೀಪಕ್ಕೆ ಹಿಡಿದು ನೋಡಿದರು.

"ನಳಿಗೆ?"

"ಅಗ್ಗದ್ದು."

ಗಲ್ಲಾಪೆಟ್ಟಿಗೆಯ ಹಿಂದಿನ ಬಕೆಟ್ಟನ್ನು ಕಾಲಲ್ಲಿ ತಳ್ಳಿದರು. "ಇದ್ರಲ್ಲಿ ಆರಿಸ್ಕೊ. ಹಲ್ಲಿನ ಡಾಕ್ಟ್ರುಗಳು ಹೊಸ ಬಂದೂಕು ತಗೋತಾರೆ, ಅಂಗಡಿ ಬಾಗಿಲು ದಾಟೋಕೆ ಮುಂಚೆ ನಳಿಗೆ ಬಿಚ್ಚಿಸಿ ದುಬಾರಿದು ಹಾಕಿಸ್ಕೋತಾರೆ. ಬಿಚ್ಚಿದ್ರಲ್ಲಿ ಇನ್ನೂ ಒಂದು ಗುಂಡೂ ಹಾರಿರಲ್ಲ. ದೇವರು ಹಲ್ಲಿನ ಡಾಕ್ಟ್ರುಗಳನ್ನ ಚೆನ್ನಾಗಿಟ್ಟಿರಲಿ."

ಒಂದು ಆರಿಸಿದೆ. ಟ್ರಿಗರ್‌ನ ಪೆಟ್ಟಿಗೆಯೂ ಬಕೆಟ್ಟಿನಲ್ಲೇ ಸಿಕ್ಕಿತು.

"ಅಕ್ಕ ಬರ್ತಾಳೇನೋ ಪಂದ್ಯಕ್ಕೆ?"

"ನಾನು ಬರ್ತೀನಿ."

"ಅದನ್ನ ಕೇಳ್ಲಿಲ್ಲ ನಾನು."

ಆಗಸ್ಟ್ 25, ಭಾನುವಾರ

ಭುಜಕ್ಕೆ ಆನಿಸುವ ಹಿಡಿಗೆ ಮರ ಬೇಕು. ಒಳ್ಳೆ ಅಕ್ರೋಟು ಮರದ ಹಲಗೆಯ ಬೆಲೆ ಕೇಳಿ ವಾಪಸ್ಸು ಬಂದೆ. ಮನೆಗೆ ಬಂದು ನೋಡಿದರೆ ಅಕ್ರೋಟು ಗೋಡೆಗೆ ಒರಗಿ ನಿಂತಿತ್ತು. ಅಮ್ಮನ ಮೇಜಿನ ಹೆಚ್ಚಿನ ಹಲಗೆ. ಹತ್ತು ಜನ ನನ್ನ ಮನೆಗೆ ಯಾವತ್ತೂ ಬರುವುದಿಲ್ಲ. ಒಬ್ಬರು ಬಂದರೂ ಹೆಚ್ಚು.

ಉದ್ದಕ್ಕೆ ಕೊಯ್ದು ಎರಡು ತುಂಡು ಮಾಡಿ ಬೆನ್ನಿಗೆ ಬೆನ್ನು ಅಂಟಿಸಿದೆ. ಹಲಗೆಯ ಒಂದು ಮೂಲೆಯಲ್ಲಿ ಕಪ್ಪು ಬಳೆಯಂಥ ಸುಟ್ಟ ಗುರುತಿದೆ. ನಾವು ಚಿಕ್ಕವರಿದ್ದಾಗ ಒಂದು ನವೆಂಬರಿನ ಕೃತಜ್ಞತಾ ಹಬ್ಬದ ದಿನ ಲವಾನ್ ಮಾಂಸದ ಗೊಜ್ಜಿನ ಪಾತ್ರೆಯನ್ನು ಒಲೆಯಿಂದ ನೇರವಾಗಿ ತಂದು ಕುಕ್ಕಿದ್ದು. ಅಮ್ಮ ಕೇಳಿದಾಗ ಆರಿನ್ ಮಾಡಿದ ಅಂದಿದ್ದಳು. ಆರಿನ್ ಅಂದರೆ ನಾನು. ಬೈಗುಳ ನನಗೆ ಬಿತ್ತು, ಸಿಹಿ ಕಡುಬಿನಲ್ಲಿ ಅವಳ ಪಾಲೂ ನನಗೆ ಬಿತ್ತು.

ಆ ಗುರುತನ್ನು ಹಿಡಿಯ ಬುಡದಲ್ಲಿ, ಭುಜಕ್ಕೆ ತಾಗುವ ತುದಿಯ ಹತ್ತಿರ, ಉಳಿಸಿಕೊಂಡೆ. ಬೇರೆ ಕಡೆ ಮರ ಅಷ್ಟು ಚೆನ್ನಾಗಿರಲಿಲ್ಲ.

ಸೆಪ್ಟೆಂಬರ್ 2, ಸೋಮವಾರ

ಕಾರ್ಮಿಕರ ದಿನದ ರಜೆ. ಹಿಡಿಯ ಉದ್ದ ಕತ್ತರಿಸಿದೆ.

ಉದ್ದವನ್ನು ತೋಳಿನಿಂದ ಅಳೆಯುತ್ತಾರೆ. ಮೊಣಕೈ ಮಡಚಿದ ಕಡೆ ಬುಡ ಕೂರಿಸಿದರೆ ತೋರುಬೆರಳು ಟ್ರಿಗರ್‌ಗೆ ಸಲೀಸಾಗಿ ಸಿಗಬೇಕು. ನನ್ನ ತೋಳು ಉದ್ದ. ಲವಾನ್‌ದು ಗಿಡ್ಡ, ಅಪ್ಪನ ಬಂದೂಕು ಹಿಡಿಯಲು ಅವಳು ಯಾವಾಗಲೂ ಕತ್ತು ಚಾಚಿ ಕೊಕ್ಕರೆಯ ಹಾಗೆ ಕೂರಬೇಕಾಗಿತ್ತು.

ಕತ್ತರಿಸಿದ ಮೇಲೆ ನೋಡಿದರೆ ನನಗೆ ಗಿಡ್ಡವಾಗಿದೆ. ತುದಿಯಲ್ಲಿ ಗಂಟಿತ್ತು, ಅದನ್ನು ತೆಗೆಯಲೇಬೇಕಾಗಿತ್ತು. ಗಂಟು ಸಣ್ಣದೇ. ಆದರೂ ಗಂಟು ಗಂಟೇ.

ಸೆಪ್ಟೆಂಬರ್ 6, ಶುಕ್ರವಾರ

ಲವಾನ್ ಮನೆ ಮುಂದಿನ ರಸ್ತೆಯಲ್ಲಿ ಗುಂಡಿ ಮುಚ್ಚಿದೆ. ನಾನು ಕೌಂಟಿಯ, ಅಂದರೆ ಜಿಲ್ಲೆಯ, ರಸ್ತೆ ಕೆಲಸದವನು, ಆದರೆ ಆ ಭಾಗ ನನ್ನದಲ್ಲ, ಬೇರೆಯವನದು. ಅವನಿಗೆ ಹಲ್ಲುನೋವಿತ್ತು. ಅಥವಾ ಬರುವಂತಿತ್ತು.

ಗಿಲ್ ಭಾವ ಜಗಲಿಯ ಮೇಲೆ ಕೂತಿದ್ದ, ಕೈ ಬೀಸಿದ, ಕೆಮ್ಮಿದ. ಲವಾನ್ ಕಿಟಕಿಯ ಪರದೆ ಬಿಚ್ಚುತ್ತಿದ್ದಳು. ನೋಡಿದಳೋ ಇಲ್ಲವೋ. ಲಾರಿ ಹೋಗುವಾಗ ಸಾಮಾನು ಅಲ್ಲಾಡಬಾರದು ಅಂತ ಗುಂಡಿಯನ್ನು ಸ್ವಲ್ಪ ಗಟ್ಟಿಯಾಗಿಯೇ ಮುಚ್ಚಿದೆ. ಯಾರ ಲಾರಿಯಾದರೂ ಸರಿ.

ಸೆಪ್ಟೆಂಬರ್ 14, ಶನಿವಾರ

ಕೆಲಸ ಕೆಟ್ಟಿತು.

ಕೆನ್ನೆ ಒರಗಲು ಹಿಡಿಯ ಒಂದು ಪಕ್ಕದಲ್ಲಿ ಉಬ್ಬು ಬಿಡುತ್ತಾರೆ. ಬಲಗೈಯವನ ಕೆನ್ನೆ ಕೂರುವುದು ಎಡಪಕ್ಕದಲ್ಲಿ. ಎರಡು ವಾರ ಉಳಿ ಹಿಡಿದು, ಆಮೇಲೆ ಅರ, ಆಮೇಲೆ ಉಜ್ಜುಕಾಗದ. ಉಬ್ಬು ಬೆಣ್ಣೆಯ ಹಾಗೆ ಬಂತು. ಒಡಲನ್ನು ಹಿಡಿಯಲ್ಲಿ ಕೂರಿಸಿ ಭುಜಕ್ಕೆ ಏರಿಸಿದರೆ ನನ್ನ ಕೆನ್ನೆಗೆ ಉಬ್ಬಿಲ್ಲ. ಉಬ್ಬು ಆ ಕಡೆ ಇದೆ. ಬಲಪಕ್ಕದಲ್ಲಿ.

ಟೀಚರ್‌ಗೆ ತೋರಿಸಿದೆ. ಅವರು ಕನ್ನಡಕ ಏರಿಸಿದರು, ಇಳಿಸಿದರು.

"ಎಡಗೈಯೋರಿಗೆ ಮಾಡಿದೀಯಲ್ಲೋ."

"ಮರ ತಿರುವಿಟ್ಟು ಗೆರೆ ಎಳೆದಿದ್ದೆ. ಪೆನ್ಸಿಲ್ ಗೆರೆ ಹಿಂದುಮುಂದಾಯ್ತು."

"ಉದ್ದಾನೂ ಗಿಡ್ಡ ಇದೆ."

"ಗಂಟಿತ್ತು."

"ಆರಿನ್, ನಿಂಗೆ ಏಳು ವರ್ಷ ಇದ್ದಾಗ ಬೈಬಲ್ ಕತೇಲಿ ಯೋನನನ್ನ ನುಂಗಿದ್ದು ಯಾವ್ದು ಅಂತ ಕೇಳಿದ್ರೆ ದೊಡ್ಡ ಮೀನು ಅನ್ನೋ ಬದ್ಲು ಬೆಕ್ಕು ಅಂದಿದ್ದೆ. ಆಗ್ಲೂ ಇದೇ ಮುಖ ಮಾಡ್ಕೊಂಡಿದ್ದೆ."

ಹೊಸ ಹಿಡಿಗೆ ಹಲಗೆ ಉಳಿದಿಲ್ಲ. ಮೇಜಿನ ಉಳಿದ ಭಾಗವನ್ನು ಕೊಯ್ಯಲು ಮನಸ್ಸು ಬರಲಿಲ್ಲ. ಹಾಗೇ ಇರಲಿ, ಚಪ್ಪಟೆ ಕಡೆಯಲ್ಲಿ ಕೆನ್ನೆ ಒತ್ತಿಕೊಂಡರಾಯಿತು ಅಂದುಕೊಂಡೆ. ಉಬ್ಬನ್ನು ಅರದಿಂದ ತೆಗೆದುಬಿಡಬಹುದು, ಒಂದು ಸಂಜೆಯ ಕೆಲಸ. ತೆಗೆಯಲಿಲ್ಲ. ಅಷ್ಟು ಚೆನ್ನಾಗಿ ಬಂದಿದೆ.

ಸೆಪ್ಟೆಂಬರ್ 22, ಭಾನುವಾರ

ಗಿರವಿ ಅಂಗಡಿಯಿಂದ ಗುರಿ ನೋಡುವ ಹಳೆಯ ದುರ್ಬೀನು ತಂದೆ. ಅದನ್ನು ಬಂದೂಕಿಗೆ ಹಿಡಿಸುವ ಬಳೆಗಳು ಸಡಿಲ. ಬಿಯರ್ ಡಬ್ಬಿಯ ತಗಡನ್ನು ಪಟ್ಟಿ ಕತ್ತರಿಸಿ ನಡುವೆ ಇಟ್ಟು ಬಿಗಿದೆ. ಬುಡಕ್ಕೆ ಹಳೆ ಬೂಟಿನ ಅಟ್ಟೆ. ನಳಿಗೆಯ ಕೆಳಗೆ ಇಡುವ ಚೀಲಕ್ಕೆ ಜೀನ್ಸ್ ಪ್ಯಾಂಟಿನ ಒಂದು ಕಾಲು ಕತ್ತರಿಸಿ, ಎರಡು ತುದಿ ಹೊಲಿದು, ಒಳಗೆ ದನದ ಮೆಕ್ಕೆಜೋಳ ತುಂಬಿದೆ. ಎಲ್ಲವೂ ಮನೆಯಲ್ಲಿ ಇದ್ದದ್ದೇ. ಪ್ಯಾಂಟಿನ ಇನ್ನೊಂದು ಕಾಲು ಈಗ ಸುಮ್ಮನೆ ಇದೆ.

ಸೆಪ್ಟೆಂಬರ್ 24, ಮಂಗಳವಾರ

ಚೀಲಕ್ಕೆ ಇಲಿ ಬಿತ್ತು. ಇನ್ನೊಂದು ಕಾಲು ಉಪಯೋಗಕ್ಕೆ ಬಂತು. ಈ ಸಲ ಮರಳು.

ಸೆಪ್ಟೆಂಬರ್ 28, ಶನಿವಾರ

ಹಳೆ ಜಲ್ಲಿ ಗುಂಡಿಯಲ್ಲಿ ಮೊದಲ ಸಲ ಹೊಡೆದು ನೋಡಿದೆ. ಈ ಜಾತಿಯ ಬಂದೂಕಿಗೆ ತೋಟೆಯಲ್ಲಿ ಇಷ್ಟ, ಇಷ್ಟವಿಲ್ಲ ಅಂತ ಇರುತ್ತದೆ. ಒಂದು ಬಗೆಯದು ಕೊಟ್ಟರೆ ಗುರಿಯ ಕಾಗದದ ಮೇಲೆ ಊರೆಲ್ಲ ಚೆಲ್ಲುತ್ತದೆ, ಇನ್ನೊಂದು ಕೊಟ್ಟರೆ ಒಂದೇ ತೂತಿಗೆ ಹೋಗುತ್ತದೆ. ಇದು ದುಬಾರಿ ಡಬ್ಬಿಗಳನ್ನೆಲ್ಲ ಉಗಿಯಿತು. ಕೊನೆಗೆ ಕಿರಾಣಿ ಅಂಗಡಿಯ ತೀರ ಅಗ್ಗದ್ದು ಕೊಟ್ಟೆ, ಮಗುವಿನ ಹಾಗೆ ನುಂಗಿಕೊಂಡಿತು. ಮರಳಿನ ಚೀಲದ ಮೇಲೆ ಭುಜ ತಾಗಿಸದೆ ಹೊಡೆದಾಗ ಮಾತ್ರ. ಭುಜಕ್ಕೆ ಒತ್ತಿ ಹಿಡಿದರೆ, ಹಿಡಿ ಗಿಡ್ಡವಾದ್ದರಿಂದ, ನನ್ನ ಹೆಬ್ಬೆರಳು ನನ್ನ ಮೂಗಿಗೇ ಬಡಿಯುತ್ತದೆ.

ಖಾಲಿ ತೋಟೆ ಬಲಕ್ಕೆ ಹಾರುತ್ತದೆ, ಬಿಸಿಬಿಸಿ ಹಿತ್ತಾಳೆ. ಬಲಗೈಯವನಿಗೆ ಅದರಿಂದ ತೊಂದರೆಯಿಲ್ಲ. ಎಡಗೈಯವರ ಮುಖ ಇರುವುದೇ ಆ ಕಡೆ. ಲವಾನ್‌ಗೆ ಕಿವಿಯ ಕೆಳಗೆ ಸಣ್ಣ ಕಲೆ ಇದೆ, ಕಾಲರಿನೊಳಗೆ ತೋಟೆ ಬಿದ್ದು ಆದದ್ದು. ಚಿಕ್ಕವನಾಗಿದ್ದಾಗ ಅವಳ ಬಲಕ್ಕೆ ಕೂತು ಟೋಪಿಯಲ್ಲಿ ತೋಟೆ ಹಿಡಿಯುವುದು ನನ್ನ ಕೆಲಸ. ತುಂಬ ವರ್ಷ ನಾನು ಬಂದೂಕು ಅಂತ ನೋಡಿದ್ದು ಅಷ್ಟೇ. ಅವಳ ಕೆನ್ನೆ, ಅದರ ಕೆಳಗೆ ಮರ.

ದುರ್ಬೀನಿನ ಬುಡಕ್ಕೆ ಒಂದು ತಗಡಿನ ತುಂಡು ಬಗ್ಗಿಸಿ ಸಿಕ್ಕಿಸಿದೆ. ಹಾರುವ ತೋಟೆಯನ್ನು ಮುಖದಿಂದ ಆಚೆ ತಳ್ಳುತ್ತದೆ. ನನಗೆ ಬೇಕಿಲ್ಲ. ಬಿಯರ್ ಡಬ್ಬಿಯ ತಗಡು ಉಳಿದಿತ್ತು.

ಅಕ್ಟೋಬರ್ 5, ಶನಿವಾರ

ಟೀಚರ್ ಫೋನ್ ಮಾಡಿದರು.

"ಏಳನೇ ಮೇಜು ಇಟ್ಕೊಳ್ಳಲಾ ಬೇಡ್ವಾ? ಕೇಳೋರು ತುಂಬಾ ಜನ ಇದಾರೆ."

"ಇಟ್ಕೊಳ್ಳಿ. ನಾನು ಬರ್ತೀನಿ."

"ನೀನೊಬ್ಬ ಜೋಡಿ ಆಗಲ್ವಲ್ಲಪ್ಪ. ಅವಳಿಗೊಂದು ಫೋನ್ ಮಾಡು."

"ಅವ್ಳೇ ಮಾಡ್ಲಿ. ಎದ್ದು ಹೋದೋಳು ಅವಳು."

"ಅವಳೂ ಇದನ್ನೇ ಹೇಳಿದ್ಲು. ಮಾತು ಆಡಿದೋನು ಅವನು ಅಂತ." ಟೀಚರ್ ಪಟ್ಟಿ ಮಗುಚಿದ ಸದ್ದು ಕೇಳಿತು. "ಒಂಬತ್ತು ಗಂಟೆವರೆಗೂ ಕಾಯ್ತೀನಿ. ಆಮೇಲೆ ಹೆಸರು ಹೊಡೀತೀನಿ. ನಿಮ್ಮಪ್ಪ ಹೋಗಿದಾನೆ ಅಂತ ರಿಯಾಯ್ತಿ ಇಲ್ಲ."

ಫೋನ್ ಕೈಯಲ್ಲೇ ಇತ್ತು. ಲವಾನ್ ನಂಬರು ಒತ್ತಿದೆ. ಗಂಟೆ ಬಾರಿಸುವ ಮೊದಲೇ ಇಟ್ಟೆ. ನಂಬರು ಇನ್ನೂ ನೆನಪಿದೆಯೋ ಅಂತ ನೋಡಿದ್ದು.

ಅಕ್ಟೋಬರ್ 11, ಶುಕ್ರವಾರ

ಹಿಡಿಗೆ ಎಣ್ಣೆ ಹಚ್ಚಿದೆ. ಒರೆಸಿದೆ. ಮತ್ತೆ ಹಚ್ಚಿದೆ.

ಅಕ್ಟೋಬರ್ 12, ಶನಿವಾರ

ಎಲ್ಲರಿಗಿಂತ ಮೊದಲು ಹೋಗಿ ಏಳನೇ ಮೇಜಿನಲ್ಲಿ ಕೂತೆ. ಅಗ್ನಿಶಾಮಕ ದಳದವರು ಹಂಡೆಯಲ್ಲಿ ಬೀನ್ಸ್ ಕಾಳಿನ ಸೂಪು ಕುದಿಸುತ್ತಿದ್ದರು. ಗೆದ್ದ ಜೋಡಿಗೆ ಕೊಡುವ ಹೊಗೆಯಾಡಿಸಿದ ಹಂದಿ ತೊಡೆ ಎಲ್ಲರಿಗೂ ಕಾಣುವ ಹಾಗೆ ಲಾರಿಯ ಕನ್ನಡಿಗೆ ನೇತುಬಿದ್ದಿತ್ತು. ಟೀಚರ್ ಪಟ್ಟಿ ಹಿಡಿದು ಬಂದು ನನ್ನ ಪಕ್ಕದ ಖಾಲಿ ಜಾಗ ನೋಡಿದರು. ಗಡಿಯಾರ ನೋಡಿದರು. ಪೆನ್ನಿನ ಮುಚ್ಚಳ ತೆಗೆದರು.

"ಆ ಪೆನ್ನು ಮುಚ್ಚಿ ಟೀಚರ್. ಇಂಕು ಒಣಗುತ್ತೆ."

ಲವಾನ್. ಕೈಯಲ್ಲಿ ಅಪ್ಪನ ಬಂದೂಕಿನ ಪೆಟ್ಟಿಗೆ. ಗಿಲ್ ಭಾವ ಕಾರಿನಲ್ಲೇ ಕೂತು ಕಿಟಕಿ ಏರಿಸಿಕೊಂಡಿದ್ದ. ಅವಳು ನನ್ನ ಕಡೆ ನೋಡದೆ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟಳು. ನನ್ನ ಬಂದೂಕು ಮೊದಲೇ ಅಲ್ಲಿತ್ತು.

"ಒಂದು ಮೇಜು, ಒಂದು ಬಂದೂಕು," ಅಂದರು ಟೀಚರ್. "ಯಾವ್ದು ಅಂತ ನೀವೇ ಮಾತಾಡ್ಕೊಳ್ಳಿ." ಮಾತಾಡ್ಕೊಳ್ಳಿ ಅನ್ನುವುದನ್ನು ಸ್ವಲ್ಪ ಗಟ್ಟಿಯಾಗಿ ಹೇಳಿ ಹೋದರು.

ಮಾತಾಡಲಿಲ್ಲ. ಲವಾನ್ ನನ್ನದನ್ನು ಎತ್ತಿಕೊಂಡಳು, ಕೊಳೆತ ಮೀನು ನೋಡುವ ಹಾಗೆ ತಿರುವಿದಳು. ಬುಡದ ಹತ್ತಿರ ಅವಳ ಹೆಬ್ಬೆರಳು ನಿಂತಿತು.

"ಅಮ್ಮನ ಮೇಜು ಕೊಯ್ದ್ಯೇನೋ?"

"ನಡುವಿನ ಹಲಗೆ ಮಾತ್ರ."

"ಈ ಸುಟ್ಟ ಬಳೆ ನಂದು."

"ಗೊತ್ತು. ಬೈಗುಳ ನಂದು."

ಅವಳು ಬಂದೂಕನ್ನು ಎಡಭುಜಕ್ಕೆ ಏರಿಸಿದಳು. ಕತ್ತು ಚಾಚಲಿಲ್ಲ. ಕೆನ್ನೆ ಉಬ್ಬಿನ ಮೇಲೆ ಕೂತಿತು, ಬೆರಳು ಟ್ರಿಗರ್ ಪಕ್ಕದಲ್ಲಿ ಕೂತಿತು, ಕಣ್ಣು ದುರ್ಬೀನಿಗೆ ನೇರ ಬಂತು. ಹಾಗೇ ಇದ್ದಳು. ಗಾಳಿ ನೋಡುತ್ತಿದ್ದಾಳೆ ಅಂದುಕೊಂಡೆ. ಗಾಳಿ ಇರಲಿಲ್ಲ.

"ಆರಿನ್, ಇದನ್ನ ಯಾರಿಗೆ ಕಟ್ಟಿದ್ದು?"

"ನಂಗೆ."

"ನಿನ್ನ ಕೆನ್ನೆ ಯಾವಾಗ ಈ ಕಡೆಗೆ ಬಂತು?"

"ಪೆನ್ಸಿಲ್ ಗೆರೆ ತಪ್ಪಾಯ್ತು."

"ಉದ್ದ?"

"ಗಂಟಿತ್ತು."

"ಈ ತಗಡು?"

ತಗಡಿಗೆ ಕಾರಣ ಸಿದ್ಧ ಮಾಡಿಕೊಂಡು ಬಂದಿರಲಿಲ್ಲ.

ಲವಾನ್ ಕೆನ್ನೆಯನ್ನು ಮರದಿಂದ ತೆಗೆಯದೆಯೇ ಅಂದಳು, "ಅಪ್ಪ ನಿಂಗೆ ಮೇಜು ಯಾಕೆ ಕೊಟ್ಟ ಗೊತ್ತೇನೋ? ನಾನು ಕೇಳಿದ್ದೆ. ಅವನು ಕುದುರೆ ಥರ ನಿಂತ್ಕೊಂಡು ತಿಂತಾನೆ, ಮೇಜಿದ್ರೆ ಕೂತಾನು ಅಂದ. ನೀನು ನೋಡಿದ್ರೆ ಅದನ್ನೂ ಕೊಯ್ದೆ."

"ಆರು ಜನ ಕೂರೋಷ್ಟು ಉಳ್ದಿದೆ."

"ಮೊದ್ಲು ನೀನೊಬ್ಬ ಕೂರು."

ಅಪ್ಪನ ಬಂದೂಕಿನ ಪೆಟ್ಟಿಗೆಯನ್ನು ಅವಳು ತೆರೆಯಲೇ ಇಲ್ಲ. ಕಾಲಿನಿಂದ ಮೇಜಿನ ಕೆಳಗೆ ತಳ್ಳಿದಳು.

ಮೊದಲ ಸರದಿ ಅವಳದು, ಐದು ಗುಂಡು. ನಾನು ಬಲಕ್ಕೆ ಕೂತೆ, ಕೂರಲು ಬೇರೆ ಜಾಗವಿರಲಿಲ್ಲ. ಟೋಪಿ ಯಾವಾಗ ತೆಗೆದು ಒಡ್ಡಿದೆನೋ ನೆನಪಿಲ್ಲ. ಮೊದಲ ಗುಂಡು ಹೊಡೆದಳು. ತೋಟೆ ಹಾರಿತು, ತಗಡಿಗೆ ಬಡಿಯಿತು, ಅವಳ ಮುಖದಿಂದ ಆಚೆಗೆ ಸರಿಯಾಗಿಯೇ ಹೋಯಿತು. ಟೋಪಿಯ ಮೇಲಿಂದ ದಾಟಿ ನನ್ನ ಕಾಲರಿನೊಳಗೆ ಬಿತ್ತು.

ನಾನು ಎದ್ದೆ. ಅಂಗಿ ಎಳೆದೆ. ಏನೋ ಅಂದೆ, ಟೀಚರ್ ಎದುರು ಅನ್ನಬಾರದ ಮಾತು. ಲವಾನ್ ಬಂದೂಕನ್ನು ಚೀಲದ ಮೇಲಿಟ್ಟು, ನಳಿಗೆಯ ಬಾಯಿ ಗುರಿಯ ಕಡೆಗೇ ಇದೆ ಅಂತ ನೋಡಿಕೊಂಡು, ಆಮೇಲೆ ನಕ್ಕಳು. ಮೊದಲು ಸದ್ದಿಲ್ಲದೆ, ಆಮೇಲೆ ಸದ್ದು ಮಾಡಿಯೇ. ನಗುತ್ತ ನಗುತ್ತ ಮುಖವನ್ನು ತೋಳಿನಲ್ಲಿ ಮುಚ್ಚಿಕೊಂಡಳು, ಬಹಳ ಹೊತ್ತು ತೆಗೆಯಲಿಲ್ಲ.

"ಏಳನೇ ಮೇಜು! ಇದು ಪಂದ್ಯ!" ಟೀಚರ್ ಕೂಗಿದರು.

ಉಳಿದ ನಾಲ್ಕು ಗುಂಡನ್ನು ಅವಳು ಮೊದಲಿನ ತೂತಿಗೇ ಹಾಕಿದಳು. ಅಷ್ಟು ಒಳ್ಳೆ ಕಾಗದ ಏಳನೇ ಮೇಜಿನಿಂದ ಯಾವತ್ತೂ ಬಂದಿರಲಿಲ್ಲ. ನಾಲ್ಕು ತೋಟೆಯೂ ನನ್ನ ಕಡೆಗೇ ಬಂದವು. ಜಾಗ ಬದಲಾಯಿಸಬಹುದಿತ್ತು.

ನನ್ನ ಸರದಿಯಲ್ಲಿ ಹೆಬ್ಬೆರಳು ಮೂಗಿಗೆ ಬಡಿಯಿತು. ಒಂದು ಗುಂಡು ಪಕ್ಕದ ಮೇಜಿನವರ ಕಾಗದಕ್ಕೆ ಹೋಯಿತು, ಅವರಿಗೆ ಅದರಿಂದ ಲಾಭವಾಯಿತು. ಒಟ್ಟಿಗೆ ಕೊನೆಯಿಂದ ಎರಡನೆಯವರಾದೆವು. ಹಂದಿ ತೊಡೆ ಬೇರೆಯವರಿಗೆ ಹೋಯಿತು. ಸೂಪು ಕುಡಿದೆವು. ಗಿಲ್ ಭಾವನಿಗೆ ಒಂದು ಲೋಟ ಕಾರಿಗೆ ಒಯ್ದು ಕೊಟ್ಟೆ.

"ಬಂದ್ಯಾ? ಇಬ್ರೂ ಮಾತಾಡಿದ್ರಾ?" ಅಂದ.

"ಬಂದೂಕಿನ ವಿಷ್ಯ ಅಷ್ಟೇ."

"ಮತ್ತೆ ನಿಮ್ಮ ಮನೇಲಿ ಬೇರೆ ಏನಿದೆ ಮಾತಾಡೋಕೆ?" ಅಂದು ಸೂಪು ಕುಡಿದ.

ಅಕ್ಟೋಬರ್ 16, ಬುಧವಾರ

ಸಾಮಾನಿನ ಲಾರಿ ಹೋಯಿತು. ಗುಂಡಿ ಮುಚ್ಚಿದ ಜಾಗದಲ್ಲಿ ಅಲ್ಲಾಡಲಿಲ್ಲ.

ನಿನ್ನೆ ಟೀಚರ್ ಅಂಗಡಿಯಲ್ಲಿ ಎರಡು ಬಂದೂಕಿಗೂ ಕಾಗದ ಮಾಡಿಸಿದ್ದೆವು. ನನ್ನದು ಅವಳಿಗೆ, ಅಪ್ಪನದು ನನಗೆ. ಟೀಚರ್ ಇಬ್ಬರ ಗುರುತಿನ ಚೀಟಿಯನ್ನೂ ದೀಪಕ್ಕೆ ಹಿಡಿದು ನೋಡಿದರು, ಯಾಕೋ ತುಂಬ ಹೊತ್ತು ಹಿಡಿದೇ ಇದ್ದರು.

ಲವಾನ್ ಕಾರು ಹತ್ತುವಾಗ, "ಉಬ್ಬು ಚೆನ್ನಾಗಿ ಬಂದಿದೆ ಕಣೋ," ಅಂದಳು.

"ಕೈತಪ್ಪಿ ಬಂದದ್ದು."

"ಹೂಂ. ಹಾಗೇ ಅಂದ್ಕೊಂಡೆ."

ನವೆಂಬರ್ 28, ಗುರುವಾರ

ಕೃತಜ್ಞತಾ ಹಬ್ಬ. ಇಡೀ ಟರ್ಕಿ ನನಗೆ ಹೆಚ್ಚು, ಒಂದು ಕಾಲು ಬೇಯಿಸಿದೆ. ಗೊಜ್ಜಿನ ಪಾತ್ರೆ ಇಡಲು ಬೇರೆ ಜಾಗವಿರಲಿಲ್ಲ, ತೊಟ್ಟಿಯ ತುಂಬ ಪಾತ್ರೆ ಇದ್ದವು, ಹಾಗಾಗಿ ಮೇಜಿನ ಮೇಲೆ ತಟ್ಟೆ ಇಟ್ಟುಕೊಂಡು ಕೂತೆ. ಈಗೀಗ ತೊಟ್ಟಿ ಖಾಲಿ ಇರುವುದೇ ಕಡಿಮೆ.

ಬೆಳಿಗ್ಗೆ ಅಪ್ಪನ ಬಂದೂಕಿನಲ್ಲಿ ಒಂದಷ್ಟು ಹೊಡೆದೆ. ನನ್ನ ತೋಳಿಗೆ ಸರಿ ಇದೆ. ತೋಟೆಗಳು ಬಲಕ್ಕೆ ಹಾರಿ ಹುಲ್ಲಿಗೆ ಬಿದ್ದವು, ಬಗ್ಗಿ ಆರಿಸಿಕೊಂಡೆ.

ಮಧ್ಯಾಹ್ನ ಲವಾನ್ ಫೋನ್ ಮಾಡಿದಳು. ಗಿಲ್ ಭಾವ ನಡೆದು ಅಂಗಡಿಗೆ ಹೋಗಿ ಬರುತ್ತಾನಂತೆ. ಅಲ್ಲಿ ಹಬ್ಬಕ್ಕೂ ಬಿಸಿಲಂತೆ.

"ನಿನ್ನ ತಗಡು ಸರಿ ಇಲ್ಲ ಕಣೋ," ಅಂದಳು. "ಸ್ವಲ್ಪ ಕೆಳಗೆ ಬಂದಿದೆ. ತೋಟೆ ದುರ್ಬೀನಿಗೆ ಬಡೀತಿದೆ. ಏನು ಮಾಡ್ಬೇಕು?"

ಇಕ್ಕಳದಲ್ಲಿ ಹಿಡಿದು ಕೂದಲೆಳೆಯಷ್ಟು ಮೇಲಕ್ಕೆ ಬಗ್ಗಿಸಿದರೆ ಮುಗಿಯುವ ಕೆಲಸ.

"ಅದು ತುಂಬಾ ನಾಜೂಕಿನ ಕೆಲ್ಸ," ಅಂದೆ. "ಫೋನಲ್ಲಿ ಹೇಳೋಕಾಗಲ್ಲ. ಮುಟ್ಟಬೇಡ ನೀನು. ಇಲ್ಲಿಗೇ ತರಬೇಕಾಗುತ್ತೆ."

ಅವಳು ನನಗೆ ಇಕ್ಕಳ ಹಿಡಿಯುವುದನ್ನು ಕಲಿಸಿದವಳು.

"ಹೌದಾ," ಅಂದಳು. "ಹಾಗಾದ್ರೆ ಮುಂದಿನ ಅಕ್ಟೋಬರಿಗೆ, ಪಂದ್ಯಕ್ಕೆ ತರ್ತೀನಿ. ನಂಗೆ ಅದೆಲ್ಲ ಎಲ್ಲಿ ಗೊತ್ತಾಗುತ್ತೆ."